ಗೋಡೆಯೊಳಗಿನ ಊರು, ಕಣಿವೆಯ ನೀರು

ಬೆಂಗಳೂರಿನ ಪೂರ್ವ ಭಾಗದಲ್ಲಿ ಹೂಡಿ, ಕಾಡುಗೋಡಿ, ವೈಟ್‌ಫೀಲ್ಡ್, ವರ್ತೂರು, ಗುಂಜೂರುಗಳಿಂದ ಹಿಡಿದು ಸರ್ಜಾಪುರ ರಸ್ತೆಯವರೆಗೆ ಕಳೆದ ಮೂರು ದಶಕಗಳಲ್ಲಿ ಬೆಳೆದು ನಿಂತಿರುವ ವಸತಿ ಪ್ರದೇಶವು ಮಾಹಿತಿ ತಂತ್ರಜ್ಞಾನ ಉದ್ಯಮದ ಮಗ್ಗುಲಲ್ಲೇ ಹುಟ್ಟಿ, ಆ ಉದ್ಯಮ ಕೊಡುವ ಸಂಬಳದ ಬಲದಿಂದಲೇ ಹಬ್ಬಿದ ಉಪನಗರವಾಗಿದೆ. ಎತ್ತರದ ಕಾಂಪೌಂಡು, ಕಾವಲು ಗೇಟು, ಕ್ಲಬ್‌ಹೌಸು, ಈಜುಕೊಳ, ಮಕ್ಕಳ ಆಟದ ಜಾಗಗಳಿರುವ ಇಲ್ಲಿನ ಅಪಾರ್ಟ್‌ಮೆಂಟ್ ಸಮುಚ್ಚಯಗಳೂ ವಿಲ್ಲಾ ಬಡಾವಣೆಗಳೂ ಕರ್ನಾಟಕದ ಅತ್ಯಂತ ಅನುಕೂಲಸ್ಥ ನೆಲೆಗಳ ಸಾಲಿಗೆ ಸೇರುತ್ತವೆ. ಆದರೆ ನಗರವೊಂದು ತನ್ನ ನಿವಾಸಿಗಳಿಗೆ ಸಾರ್ವಜನಿಕವಾಗಿ ಒದಗಿಸಬೇಕಾದ ನೀರು, ಒಳಚರಂಡಿ, ಬೀದಿದೀಪ, ಕಾವಲುಗಳನ್ನು ಇಲ್ಲಿ ಪ್ರತಿಯೊಂದು ಆವರಣವೂ ತನ್ನ ಖರ್ಚಿನಲ್ಲಿ ತಾನೇ ಮಾಡಿಕೊಂಡಿದೆ. ಹೀಗೆ ಒಂದೊಂದು ಆವರಣವೂ ಚುನಾವಣೆಯಿಲ್ಲದ, ತೆರಿಗೆಯ ಬದಲು ಮೇಂಟೆನೆನ್ಸ್ ಶುಲ್ಕ ವಸೂಲು ಮಾಡುವ ಪುಟ್ಟ ಪುರಸಭೆಯಾಗಿದೆ. ಈ ಏರ್ಪಾಡು ಎಲ್ಲಿಯವರೆಗೆ ನಡೆಯಬಲ್ಲದು, ಎಲ್ಲಿ ಸೋಲುತ್ತದೆ ಎಂಬುದನ್ನು ಅರಿಯಲು ನೀರಿನ ಜಾಡು ಹಿಡಿದು ಹೋಗುವುದೇ ಸರಿಯಾದ ದಾರಿ. ದೀಪವನ್ನೂ ಕಾವಲನ್ನೂ ಕಾಂಪೌಂಡಿನೊಳಗೆ ಇಟ್ಟುಕೊಳ್ಳಬಹುದು, ನೀರು ಮಾತ್ರ ಇಳಿಜಾರು ಕಂಡ ಕಡೆಗೆ ಹೋಗುತ್ತದೆ.

ಈ ಪ್ರದೇಶದಲ್ಲಿ ಹೊರಗಿನಿಂದ ಬಂದವರು ಯೋಜನೆ ಹಾಕಿಕೊಂಡು ಊರು ಕಟ್ಟಿದ್ದು ಇದೇ ಮೊದಲಲ್ಲ. 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ನೀಡಿದರು. ಆ ಸಮುದಾಯದವರು ಸರ್ಕಾರಿ ನೌಕರಿಯನ್ನೇ ನೆಚ್ಚಿಕೊಳ್ಳದೆ ಬೇಸಾಯದಿಂದ ಬದುಕಲಿ ಎಂಬುದು ಸಂಘದ ಮುಖಂಡ ಡಿ.ಎಸ್. ವೈಟ್ ಅವರ ಆಶಯವಾಗಿತ್ತು. ವೃತ್ತಾಕಾರದ ಬೀದಿಯ ಸುತ್ತ ಹೆಂಚಿನ ಬಂಗಲೆಗಳಿದ್ದ ಆ ನೆಲೆ ನಿರೀಕ್ಷಿಸಿದಷ್ಟು ಬೆಳೆಯದಿದ್ದರೂ ಒಂದು ಶತಮಾನ ಕಾಲ ನೆಮ್ಮದಿಯ ಹಳ್ಳಿಯಾಗಿ ಉಳಿಯಿತು. ಇನ್ನರ್ ಸರ್ಕಲ್ ಎಂದು ಕರೆಯುವ ಆ ವೃತ್ತದ ಬೀದಿ ಈಗಲೂ ಇದೆ. ಆದರೆ ಈ ನೆಲದ ಚರಿತ್ರೆ ವೈಟ್ ಅವರಿಂದ ಶುರುವಾದದ್ದಲ್ಲ. ಕಾಡುಗೋಡಿ ಮತ್ತು ಪಟ್ಟಂದೂರು ಸೀಮೆಯಲ್ಲಿ ದೊರೆತ, ಹನ್ನೊಂದನೆಯ ಶತಮಾನದ ಚೋಳರ ಕಾಲದ ತಮಿಳು ಶಾಸನವೊಂದು ಕೆರೆ ಕಟ್ಟಿಸಿದ ಸಂಗತಿಯನ್ನು ದಾಖಲಿಸುತ್ತದೆ. ಸುಮಾರು ಸಾವಿರ ವರ್ಷಗಳ ಹಿಂದೆ ಇಲ್ಲಿ ನೆಲೆ ನಿಂತವರು ಕಲ್ಲಿನಲ್ಲಿ ಕೊರೆಸಿ ಇಡುವಷ್ಟು ದೊಡ್ಡ ಕೆಲಸವೆಂದು ಭಾವಿಸಿದ್ದು ಕೆರೆ ಕಟ್ಟುವುದನ್ನು ಎಂಬ ಮಾತನ್ನು ಇಲ್ಲಿ ಮನೆ ಮಾಡಿಕೊಂಡಿರುವ ಪ್ರತಿಯೊಬ್ಬರೂ ತಿಳಿದಿರಬೇಕು.

ಪಟ್ಟಂದೂರು ಅಗ್ರಹಾರದ ಆ ನೆಲದಲ್ಲೇ 1990ರ ದಶಕದಲ್ಲಿ ಅಂತರರಾಷ್ಟ್ರೀಯ ತಂತ್ರಜ್ಞಾನ ಪಾರ್ಕ್, ಅಂದರೆ ಜನ ಐಟಿಪಿಎಲ್ ಎಂದು ಕರೆಯುವ ಕಚೇರಿ ಸಮುಚ್ಚಯ, ತಲೆ ಎತ್ತಿತು. ಭಾರತ ಮತ್ತು ಸಿಂಗಪುರ ದೇಶಗಳ ನಡುವಿನ ಮಾತುಕತೆಯಿಂದ ಹುಟ್ಟಿ, ಟಾಟಾ ಸಮೂಹ, ಸಿಂಗಪುರದ ಸಂಸ್ಥೆಗಳ ಕೂಟ ಮತ್ತು ಕರ್ನಾಟಕ ಸರ್ಕಾರದ ಪಾಲುದಾರಿಕೆಯಲ್ಲಿ 1994ರಲ್ಲಿ ರೂಪು ತಳೆದ ಈ ಯೋಜನೆಯ ದೊಡ್ಡ ಆಕರ್ಷಣೆಯೆಂದರೆ ಅದು ನಗರದ ವ್ಯವಸ್ಥೆಯನ್ನು ನೆಚ್ಚಿಕೊಳ್ಳಬೇಕಾಗಿರಲಿಲ್ಲ ಎಂಬುದು. ವಿದ್ಯುತ್ ಕಡಿತವೇ ನಿತ್ಯದ ಪಾಡಾಗಿದ್ದ ಆ ಕಾಲದಲ್ಲಿ ಅದಕ್ಕೆ ತನ್ನದೇ ವಿದ್ಯುತ್ ಸ್ಥಾವರವಿತ್ತು. ಮುಂದೆ ಈ ಸುತ್ತಿನಲ್ಲಿ ಎದ್ದ ವಸತಿ ಸಮುಚ್ಚಯಗಳೆಲ್ಲ ಇದೇ ಮಾದರಿಯನ್ನು ಅನುಸರಿಸಿದವು: ಕರೆಂಟಿಗೆ ಜನರೇಟರು, ನೀರಿಗೆ ಕೊಳವೆಬಾವಿ, ಕೊಳಚೆಗೆ ನೆಲಮಾಳಿಗೆಯಲ್ಲಿ ಶುದ್ಧೀಕರಣ ಘಟಕ. ಸರ್ಕಾರಕ್ಕೂ ಇದು ಒಗ್ಗಿಹೋಯಿತು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಮಹದೇವಪುರ ನಗರಸಭೆಯೂ ಅದರ ಸುತ್ತಲಿನ ಹಳ್ಳಿಗಳೂ ನಗರದ ನಕ್ಷೆಗೆ ಬಂದವು, ತೆರಿಗೆಯೂ ಬಂತು, ಆದರೆ 110 ಹಳ್ಳಿಗಳಿಗೆ ಕಾವೇರಿ ನೀರು ಕೊಡುವ ಐದನೇ ಹಂತದ ಯೋಜನೆ ಲೋಕಾರ್ಪಣೆಯಾಗಲು 2024ರ ಅಕ್ಟೋಬರ್ 16ರವರೆಗೆ ಕಾಯಬೇಕಾಯಿತು. ನಡುವಿನ ಹದಿನೇಳು ವರ್ಷಗಳಲ್ಲಿ ಬಹುಮಹಡಿ ಕಟ್ಟಡಗಳಿಗೆ ಅನುಮತಿ ನೀಡುವುದು ಮಾತ್ರ ನಿಲ್ಲಲಿಲ್ಲ.

ಇಂಥ ಆವರಣವೊಂದು ತನ್ನ ನೀರನ್ನು ಹೊಂದಿಸಿಕೊಳ್ಳುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಐದು ಎಕರೆಯಲ್ಲಿ ಮುನ್ನೂರು ಮನೆಗಳಿರುವ, ಈ ಭಾಗದಲ್ಲಿ ಸಾಧಾರಣವೆನ್ನಬಹುದಾದ ಸಮುಚ್ಚಯವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಮನೆಗೆ ಮೂವರಂತೆ ಅಲ್ಲಿ 900 ಜನ ಇರುತ್ತಾರೆ. ಒಳಚರಂಡಿ ಇರುವ ಊರುಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಅವರಿಗೆ ದಿನವೊಂದಕ್ಕೆ 1,21,500 ಲೀಟರ್ ನೀರು ಬೇಕು. ಆವರಣದ ಕೊಳವೆಬಾವಿಗಳು ಕೈಕೊಟ್ಟ ತಿಂಗಳಲ್ಲಿ ಇದು 12,000 ಲೀಟರ್ ಹಿಡಿಯುವ ಹತ್ತು ಟ್ಯಾಂಕರುಗಳ ನೀರಿಗೆ ಸಮ. ಬೆಳಗಿನ ಜಾವದಿಂದಲೇ ಹಿಂದಿನ ಗೇಟಿಗೆ ಬಂದು ನಿಲ್ಲುವ ಪ್ರತಿ ಟ್ಯಾಂಕರಿನ ನೀರಿಗೂ ಕಾವಲುಗಾರ ಪೆನ್ನಿನಂಥ ಟಿಡಿಎಸ್ ಮೀಟರನ್ನು ಅದ್ದಿ, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣವನ್ನು ಅಳೆದು, ಗಾಡಿಯ ನಂಬರು ಮತ್ತು ಹೊತ್ತನ್ನು ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಪೈಪನ್ನು ಸಂಪಿಗೆ ಇಳಿಸಲಾಗುತ್ತದೆ. ಬಂದ ನೀರು ಗಡಸಾಗಿದ್ದರೆ, ಸುಣ್ಣದ ಅಂಶ ತೆಗೆಯುವ ರಾಳದ ತೊಟ್ಟಿಯ ಮೂಲಕ ಅದನ್ನು ಹಾಯಿಸಬೇಕು. ಆ ರಾಳವನ್ನು ಆಗಾಗ ಉಪ್ಪುನೀರಿನಿಂದ ತೊಳೆದು ಸಜ್ಜುಗೊಳಿಸಬೇಕಾದ್ದರಿಂದ ಪಂಪ್ ಕೋಣೆಯ ಮೂಲೆಯಲ್ಲಿ ಉಪ್ಪಿನ ಮೂಟೆಗಳ ರಾಶಿ ಇದ್ದೇ ಇರುತ್ತದೆ. ತೊಳೆದ ಉಪ್ಪುನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಅದು ಕೊಳಚೆಯೊಂದಿಗೆ ಬೆರೆಯುತ್ತದೆ ಅಥವಾ ನೇರವಾಗಿ ಚರಂಡಿಗೆ ಸೇರುತ್ತದೆ, ಮಾಮೂಲಿ ಶುದ್ಧೀಕರಣದಿಂದ ಆ ಉಪ್ಪು ಹೋಗುವುದಿಲ್ಲ.

2024ರ ಮಾರ್ಚ್‌ನಲ್ಲಿ ಬರ ಬಿಗಿಯಾದಾಗ ಬೆಂಗಳೂರು ನಗರ ಜಿಲ್ಲಾಡಳಿತವು ಟ್ಯಾಂಕರ್ ದರವನ್ನು ನಿಗದಿಪಡಿಸಿ, ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ, ಹತ್ತು ಕಿಲೋಮೀಟರ್‌ವರೆಗೆ 1,200 ರೂಪಾಯಿ ಎಂದು ಆದೇಶಿಸಿತು. ಆ ದರದಲ್ಲೇ ಲೆಕ್ಕ ಹಾಕಿದರೂ ಮುನ್ನೂರು ಮನೆಗಳ ಸಮುಚ್ಚಯಕ್ಕೆ ತಿಂಗಳಿಗೆ ಮೂರು ಲಕ್ಷ ರೂಪಾಯಿ ಬೀಳುತ್ತದೆ, ಮನೆಗೆ ಸಾವಿರ ರೂಪಾಯಿಯಾಗುತ್ತದೆ. ಐಟಿ ಸಂಬಳದ ಮನೆಗೆ ಇದು ಹೊರೆಯೇನಲ್ಲ. ಹೊರೆ ಅಲ್ಲ ಎಂಬುದೇ ಇಲ್ಲಿನ ತೊಡಕು, ಏಕೆಂದರೆ ದುಡ್ಡು ಕೊಟ್ಟರೆ ಟ್ಯಾಂಕರು ಬರುತ್ತದೆ ಎಂಬ ಭರವಸೆಯಿಂದಾಗಿ ನೀರಿನ ಮೂಲದ ಪ್ರಶ್ನೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಟ್ಯಾಂಕರಿನ ನೀರು ಹೊಸ ನೀರಲ್ಲ. ಊರಂಚಿನ ಹಳ್ಳಿಯ ಹೊಲದಲ್ಲಿ, ಬೆಳೆ ಬೆಳೆಯುವುದಕ್ಕಿಂತ ನೀರು ಮಾರುವುದೇ ಲಾಭವೆಂದು ಕಂಡ ರೈತನ ಕೊಳವೆಬಾವಿಯಿಂದ ಎತ್ತಿದ ನೀರು ಅದು. ಈ ಸೀಮೆಯ ನೆಲದಡಿಯಲ್ಲಿರುವುದು ಗಟ್ಟಿ ಶಿಲೆ; ಮರಳುಗಲ್ಲಿನಂತೆ ಅದು ನೀರನ್ನು ಹೀರಿಕೊಳ್ಳದೆ ಬಿರುಕುಗಳಲ್ಲಿ ಮಾತ್ರ ಹಿಡಿದಿಡುತ್ತದೆ, ಹಾಗಾಗಿ ಒಂದು ಬಾವಿ ಸಾವಿರ ಅಡಿ ಇಳಿದರೆ ಅಕ್ಕಪಕ್ಕದ ಬಾವಿಗಳು ಬತ್ತುತ್ತವೆ. ಆ ಬೇಸಿಗೆಯಲ್ಲಿ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ತಿಳಿಸಿದ್ದರು.

ಮಳೆನೀರನ್ನೇ ಹಿಡಿದಿಟ್ಟುಕೊಂಡರೆ ಸಾಲದೇ ಎಂದು ಕೇಳಬಹುದು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಒಂದು ಎಕರೆಯ ಮೇಲೆ ಇದು ಸುಮಾರು 39 ಲಕ್ಷ ಲೀಟರ್, ಐದು ಎಕರೆಯ ಮೇಲೆ ಎರಡು ಕೋಟಿ ಲೀಟರಿಗೆ ಸ್ವಲ್ಪ ಕಡಿಮೆ. ಮೇಲಿನ ಸಮುಚ್ಚಯಕ್ಕೆ ವರ್ಷಕ್ಕೆ ಬೇಕಾಗುವುದು ಸುಮಾರು 4.4 ಕೋಟಿ ಲೀಟರ್. ಬಿದ್ದ ಹನಿಯೆಲ್ಲವನ್ನೂ ಹಿಡಿದರೂ, ಅದು ಸಾಧ್ಯವೂ ಅಲ್ಲ, ಅರ್ಧ ಅಗತ್ಯವೂ ತೀರುವುದಿಲ್ಲ. ಬಹುಮಹಡಿ ವಸತಿ ಎಂದರೆ ತನ್ನ ನೆಲದ ಮೇಲೆ ಬೀಳುವ ಮಳೆಗಿಂತ ಹೆಚ್ಚು ನೀರು ಕುಡಿಯುವ ವಸತಿ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಉಳಿದದ್ದು ಬಳಸಿದ ನೀರಿನ ಮರುಬಳಕೆಯಿಂದ ಬರಬೇಕು, ಇಲ್ಲವೇ ದೂರದಿಂದ ಬರಬೇಕು.

ಮರುಬಳಕೆಗೆಂದು ಇರುವುದೇ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ. ಬಳಸಿದ ನೀರಿನ ನೂರಕ್ಕೆ ಎಂಬತ್ತರಷ್ಟು ಕೊಳಚೆಯಾಗಿ ನೆಲಮಾಳಿಗೆಯ ತೊಟ್ಟಿಗೆ ಬರುತ್ತದೆ. ಜಾಲರಿಯಲ್ಲಿ ಕಸಕಡ್ಡಿ ತಡೆದ ಬಳಿಕ, ಗಾಳಿಯೂದುವ ಯಂತ್ರಗಳು ಹಗಲಿರುಳು ಓಡುತ್ತಿರುವ ಇನ್ನೊಂದು ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಅದರೊಳಗಿನ ಹೊಲಸನ್ನು ತಿಂದು ಬೆಳೆಯುತ್ತವೆ, ಬಳಿಕ ಕೆಸರು ತಳಕ್ಕಿಳಿದು ಮೇಲಿನ ತಿಳಿನೀರು ಮರಳು ಮತ್ತು ಇದ್ದಿಲಿನ ಸೋಸುಗಳನ್ನು ದಾಟಿ ಶೌಚಾಲಯದ ಫ್ಲಶ್ಶಿಗೂ ಗಿಡಗಳಿಗೂ ಹೋಗುತ್ತದೆ. ಗಾಳಿಯೂದುವುದು ಕೆಲ ಗಂಟೆ ನಿಂತರೂ ಸೂಕ್ಷ್ಮಜೀವಿಗಳು ಸಾಯತೊಡಗುತ್ತವೆ, ವಾಸನೆ ಏಳುತ್ತದೆ. ಇಂಥ ನಾಜೂಕಿನ ಜೈವಿಕ ಕ್ರಿಯೆಯನ್ನು ನೂರಾರು ನೆಲಮಾಳಿಗೆಗಳಲ್ಲಿ, ಹೆಚ್ಚಿನ ತರಬೇತಿಯಿಲ್ಲದ, ಕಡಿಮೆ ಸಂಬಳದ ಆಪರೇಟರುಗಳ ಕೈಗೆ ಒಪ್ಪಿಸಿ ಅದು ಎಲ್ಲ ಕಡೆಯೂ ಸರಿಯಾಗಿ ನಡೆಯುತ್ತದೆಂದು ನಂಬಿದ್ದು ನೀತಿ ರೂಪಿಸಿದವರ ದೊಡ್ಡ ತಪ್ಪು. ಚೆನ್ನಾಗಿ ನಡೆಯುವ ಘಟಕಗಳಲ್ಲೂ ಫ್ಲಶ್ಶಿಗೂ ತೋಟಕ್ಕೂ ಬಳಸಿ ಮಿಕ್ಕ ನೀರು ಸಾಕಷ್ಟಿರುತ್ತದೆ. ಅದನ್ನು ಹೊರಗಿನವರಿಗೆ ಮಾರಲು ಸರ್ಕಾರ ಅನುಮತಿ ಕೊಟ್ಟದ್ದು 2024ರಲ್ಲಿ. ಅಲ್ಲಿಯವರೆಗೆ ಅದು ಹೋಗುತ್ತಿದ್ದದ್ದು ಹೊರಗಿನ ಮಳೆನೀರು ಚರಂಡಿಗೆ, ಬಹುಮಟ್ಟಿಗೆ ಈಗಲೂ ಹೋಗುವುದು ಅಲ್ಲಿಗೇ.

ಆ ಚರಂಡಿ ಎಲ್ಲಿಗೆ ಹೋಗುತ್ತದೆ ಎಂಬಲ್ಲಿಂದ ಕಣಿವೆಯ ಕಥೆ ತೆರೆದುಕೊಳ್ಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಊರು. ದೊಡ್ಡ ನದಿಯಿಲ್ಲದ ಇಲ್ಲಿ ಹಿಂದಿನವರು ಇಳಿಜಾರಿಗೆ ಅಡ್ಡವಾಗಿ ಏರಿ ಹಾಕಿ ಕೆರೆ ಕಟ್ಟಿ, ಮೇಲಿನ ಕೆರೆ ತುಂಬಿ ಕೋಡಿ ಹರಿದಾಗ ಹೆಚ್ಚಾದ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುವಂತೆ ಸರಪಳಿ ಹೆಣೆದಿದ್ದರು. ತೂಬಿನಿಂದ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಹೊಣೆ ನೀರಗಂಟಿಯದಾಗಿತ್ತು, ಹೂಳೆತ್ತುವುದು ಊರಿನ ಕೆಲಸವಾಗಿತ್ತು. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ ಸೇರುವುದು ಈ ಸರಪಳಿಯ ಮುಖ್ಯ ಎಳೆ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ನಗರದ ಅತಿ ದೊಡ್ಡ ಕೆರೆ. ವರ್ತೂರು ಕೆರೆಯ ಕೆಳಗೆ ಭತ್ತದ ಗದ್ದೆಗಳಿದ್ದುದನ್ನು ಆ ಊರಿನ ಹಿರಿಯರು ಇಂದಿಗೂ ನೆನೆಯುತ್ತಾರೆ.

ನಗರದ ಅರ್ಧ ಸಂಸ್ಕರಿಸಿದ ಮತ್ತು ಸಂಸ್ಕರಿಸದ ಕೊಳಚೆಯೆಲ್ಲ ಈ ಎಳೆಗೆ ಇಳಿದದ್ದರ ಪರಿಣಾಮವನ್ನು ದೇಶವೇ ಕಂಡಿತು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಮತ್ತೆ ಹೊತ್ತಿಕೊಂಡಾಗ ಸೈನಿಕರೂ ಬಂದು ನಂದಿಸಬೇಕಾಯಿತು. ಬಟ್ಟೆ, ಪಾತ್ರೆ ತೊಳೆಯುವ ಪುಡಿಗಳಲ್ಲಿರುವ, ನೊರೆಯೆಬ್ಬಿಸುವ ರಾಸಾಯನಿಕಗಳು ಕೆರೆಯ ಕೆಸರಿನಲ್ಲಿ ಸಂಗ್ರಹವಾಗಿ, ಮಳೆ ಬಂದು ನೀರು ಕಲಕಿ ಕೋಡಿಯಲ್ಲಿ ಧುಮುಕುವಾಗ ಗಾಳಿಯೊಂದಿಗೆ ಬೆರೆತು ಉಬ್ಬುತ್ತವೆ. ವರ್ತೂರು ಕೋಡಿಯಲ್ಲಿ ಆ ನೊರೆ ರಸ್ತೆಗೆ ಹಾರಿ ಬಂದು ಸವಾರರ ಮೇಲೆ ಬೀಳುತ್ತಿದ್ದುದರಿಂದ ಅಲ್ಲಿ ಬಲೆ ಕಟ್ಟಿದ್ದರು. ಕೆಳಹರಿವಿನಲ್ಲಿ ಹೊಸೂರು ಬಳಿಯ ಕೆಲವರಪಳ್ಳಿ ಜಲಾಶಯದಲ್ಲೂ ನೊರೆ ತೇಲಿ, ತಮಿಳುನಾಡಿನ ರೈತರು ದೂರಿದರು. ಇದೇ ಕಣಿವೆಯ ಸಂಸ್ಕರಿತ ನೀರನ್ನು, ದಿನಕ್ಕೆ 44 ಕೋಟಿ ಲೀಟರ್ ಗುರಿಯೊಂದಿಗೆ, ಬರಡಾಗಿದ್ದ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಗಿದೆ. ಅಲ್ಲಿನ ಕೆರೆಗಳು ತುಂಬಿದವು, ಅಂತರ್ಜಲ ಏರಿತು. ಜೊತೆಗೆ ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರನ್ನು ಕುಡಿಯುವ ಬಾವಿಗಳ ನೆರೆಗೆ ಬಿಡುವುದು ಸರಿಯೇ ಎಂಬ ಹೋರಾಟ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವೈಟ್‌ಫೀಲ್ಡಿನ ಮನೆಯ ಬಚ್ಚಲಿನಲ್ಲಿ ಏನು ಸುರಿಯುತ್ತೇವೆ ಎಂಬುದು ಹೀಗೆ ಎರಡು ರಾಜ್ಯಗಳ ರೈತರಿಗೆ ಸಂಬಂಧಿಸಿದ ವಿಷಯ.

ಕಾಂಪೌಂಡು ಗೋಡೆ ನೀರನ್ನು ತಡೆಯಲಾರದು ಎಂಬುದು 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಕಣ್ಣಿಗೇ ಕಂಡಿತು. ಒಂದು ರಾತ್ರಿಯ ಮಳೆಗೆ ಸರ್ಜಾಪುರ ರಸ್ತೆ, ಯಮಲೂರು, ಬೆಳ್ಳಂದೂರುಗಳ ತಗ್ಗು ಪ್ರದೇಶ ಮುಳುಗಿ, ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ನಿವಾಸಿಗಳು ಟ್ರ್ಯಾಕ್ಟರು ಮತ್ತು ದೋಣಿಗಳಲ್ಲಿ ಹೊರಬಂದರು; ಐಟಿ ಉದ್ಯೋಗಿಗಳು ಕಚೇರಿಗೆ ಹೋಗಲು ಟ್ರ್ಯಾಕ್ಟರು ಹತ್ತಿದರು. ಅದೇ ಹೊತ್ತಿಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿರುವ ಕಾವೇರಿ ಪಂಪಿಂಗ್ ಕೇಂದ್ರಕ್ಕೂ ನೀರು ನುಗ್ಗಿ ನಗರದ ಕುಡಿಯುವ ನೀರಿನ ಪೂರೈಕೆ ಅಸ್ತವ್ಯಸ್ತವಾಯಿತು. ರಾಜಕಾಲುವೆಗಳ ಮೇಲೆ ಕಟ್ಟಡ, ರಸ್ತೆಗಳು ಎದ್ದು ಹರಿವು ಕಿರಿದಾದದ್ದು, ಕೆರೆಯ ಅಂಗಳದ ತಗ್ಗಿನಲ್ಲಿ ಬಡಾವಣೆಗೆ ಅನುಮತಿ ಕೊಟ್ಟದ್ದು ಮುಖ್ಯ ಕಾರಣಗಳು. ಒತ್ತುವರಿ ತೆರವಿನ ಕಾರ್ಯಾಚರಣೆ ಸದ್ದಿನಿಂದ ಶುರುವಾಗಿ, ದೊಡ್ಡವರ ತಡೆಯಾಜ್ಞೆಗಳ ಎದುರು ನಿಧಾನವಾಯಿತು.

ಈ ಉಪನಗರವನ್ನು ನಡೆಸುವ ಇನ್ನೊಂದು ಜನಸಮೂಹವಿದೆ. ಮನೆಗೆಲಸ, ಅಡುಗೆ, ಕಾವಲು, ಕಸ ವಿಂಗಡಣೆ, ಕಟ್ಟಡ ಕೆಲಸ ಮಾಡುವವರು ಯಾದಗಿರಿ, ರಾಯಚೂರು, ಕಲಬುರಗಿಗಳಿಂದ, ಹಾಗೆಯೇ ಬಂಗಾಳ, ಅಸ್ಸಾಂ, ಒಡಿಶಾಗಳಿಂದ ಬಂದು, ಅದೇ ಸಮುಚ್ಚಯಗಳ ಬೆನ್ನಿಗೆ ಖಾಲಿ ಸೈಟುಗಳಲ್ಲಿ ಹಾಕಿದ ತಗಡಿನ ಶೆಡ್ಡುಗಳಲ್ಲಿ ಬಾಡಿಗೆಗೆ ಇದ್ದಾರೆ. ಟ್ಯಾಂಕರು ಅವರಲ್ಲಿಗೂ ಬರುತ್ತದೆ, ಡ್ರಮ್ಮಿನ ಲೆಕ್ಕದಲ್ಲಿ ನೀರು ಸಿಗುತ್ತದೆ, ಟಿಡಿಎಸ್ ಮೀಟರು ಅದ್ದುವವರು ಯಾರೂ ಇಲ್ಲ. ನೀರಿನ ಬಗ್ಗೆ ಮಾತಾಡುವ ಸಭೆಗಳಲ್ಲಿ ಇವರಿಗೆ ಕುರ್ಚಿಯಿಲ್ಲದಿರುವುದು ಈ ಉಪನಗರದ ದೊಡ್ಡ ಅನ್ಯಾಯ.

ಓಡಾಟದ ಪಾಡು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬೆಳೆಸಬೇಕಾಗಿಲ್ಲ. ಕಚೇರಿಗೆ ಹತ್ತಿರವಿರಲೆಂದು ಮನೆ ಕೊಂಡವರು ಕೆಲಸ ಬದಲಾದೊಡನೆ ಹೊರವರ್ತುಲ ರಸ್ತೆಯ ದಟ್ಟಣೆಗೆ ಸೇರಿಬಿಡುತ್ತಾರೆ. 2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ಕಾಡುಗೋಡಿಯವರೆಗೆ ತೆರೆದು, ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿಯೊಂದಿಗೆ ಕೂಡಿಕೊಂಡ ನೇರಳೆ ಮಾರ್ಗದ ಮೆಟ್ರೊ ಈ ಭಾಗಕ್ಕೆ ದಕ್ಕಿದ ನಿಜವಾದ ಸಾರ್ವಜನಿಕ ಸೌಕರ್ಯ. ಸಾಫ್ಟ್‌ವೇರ್ ಎಂಜಿನಿಯರೂ ಮನೆಗೆಲಸದ ಮಹಿಳೆಯೂ ಒಂದೇ ಬೋಗಿಯಲ್ಲಿ ಕೂರುವ ಆ ವ್ಯವಸ್ಥೆ ನೀರಿನ ವಿಷಯದಲ್ಲೂ ಏಕೆ ಸಾಧ್ಯವಾಗಬಾರದು?

ಕಾವೇರಿ ಐದನೇ ಹಂತ ಅದರ ಒಂದು ಉತ್ತರ. ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನಿಂದ ಕಟ್ಟಿದ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಈ ಯೋಜನೆಯಿಂದ ಟ್ಯಾಂಕರಿನ ಹಂಗು ಕಡಿಮೆಯಾಗಬಹುದು. ಆದರೆ ಸುಮಾರು ನೂರು ಕಿಲೋಮೀಟರ್ ದೂರದಿಂದ, ಮೂರು ಹಂತಗಳಲ್ಲಿ ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತರುವ ನೀರದು. ಹೆಚ್ಚು ನೀರು ಬಂದಷ್ಟೂ ಹೆಚ್ಚು ಕೊಳಚೆ ಅದೇ ಕಣಿವೆಗೆ ಇಳಿಯುತ್ತದೆ. ಆದ್ದರಿಂದ ಕೆರೆ, ರಾಜಕಾಲುವೆಗಳನ್ನು ಬಿಟ್ಟು ಪೈಪನ್ನು ಮಾತ್ರ ನಂಬುವುದು ಅರ್ಧ ಕೆಲಸ. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆಯನ್ನು ಅಪಾರ್ಟ್‌ಮೆಂಟ್ ನಿವಾಸಿಗಳು, ಊರಿನವರು ಮತ್ತು ಪಾಲಿಕೆ ಸೇರಿ ಉಳಿಸಿಕೊಂಡ ಉದಾಹರಣೆ ಕಣ್ಣ ಮುಂದೆಯೇ ಇದೆ. ಗೋಡೆಯಾಚೆ ಬಂದು ಕೈಜೋಡಿಸಿದರೆ ಏನಾಗಬಹುದು ಎಂಬುದನ್ನು ಅದು ತೋರಿಸಿದೆ. ಆದರೆ ಅಸೋಸಿಯೇಷನ್ನುಗಳ ಉತ್ಸಾಹ ಚುನಾಯಿತ ಸ್ಥಳೀಯ ಸರ್ಕಾರಕ್ಕೆ ಬದಲಿಯಾಗದು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನು ಐದಾಗಿ ಒಡೆದಾಗ ಮಹದೇವಪುರ, ಕೆ.ಆರ್. ಪುರಗಳು ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದವು. ಇಲ್ಲಿನ ನಿವಾಸಿಗಳು ತಮ್ಮ ಹೆಸರನ್ನು ಇಲ್ಲಿಯ ಮತದಾರರ ಪಟ್ಟಿಗೆ ಸೇರಿಸಿ, ವಾರ್ಡಿನ ರಾಜಕಾಲುವೆಯನ್ನು ಮೊದಲ ಬೇಡಿಕೆಯಾಗಿಟ್ಟರೆ ಅಭ್ಯರ್ಥಿಗಳು ಕಿವಿಗೊಡದೆ ಇರಲಾರರು.

ಕಾನೂನಿನ ಆಸರೆ ಗಟ್ಟಿಯಾಗೇನೂ ಇಲ್ಲ. ಕೆರೆಯ ಸುತ್ತ 75 ಮೀಟರ್ ಜಾಗ ಬಿಡಬೇಕೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೀಡಿದ್ದ ಆದೇಶವನ್ನು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಿತು, ನಗರ ಯೋಜನೆಯ ಹಳೆಯ 30 ಮೀಟರ್ ಮಿತಿಯೇ ಮತ್ತೆ ಜಾರಿಗೆ ಬಂತು. ಹಾಗಿರುವಾಗ ಎಚ್ಚರ ವಹಿಸಬೇಕಾದವರು ಮನೆ ಕೊಳ್ಳುವವರೇ. ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು, ಹಳೆಯ ಗ್ರಾಮನಕ್ಷೆಯ ಗೆರೆಗಳು, ಕೆರೆ, ಕಾಲುವೆ, ಖರಾಬು ಜಮೀನು ಎಲ್ಲವೂ ಉಚಿತವಾಗಿ ಕಾಣಸಿಗುತ್ತವೆ. ಮಾದರಿ ಮನೆಯನ್ನು ನೋಡಿ ಮುಂಗಡ ಕೊಡುವ ಮೊದಲು ಆ ನಕ್ಷೆಯನ್ನು ತೆರೆದು, ಕೊಳ್ಳಲಿರುವ ಮನೆ ಯಾವ ಕಾಲುವೆಯ ಪಕ್ಕದಲ್ಲಿದೆ, ಅದರ ಎಸ್‌ಟಿಪಿಯ ಮಿಕ್ಕ ನೀರು ಯಾವ ಕೆರೆಗೆ ಸೇರುತ್ತದೆ ಎಂಬೆರಡು ಪ್ರಶ್ನೆಗಳನ್ನು ಬಿಲ್ಡರಿಗೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಬೇಕು.